ದೊಡ್ಡಮ್ಮ ಕೇಳಿದ ಕಾದಂಬರಿಗಳು

ಪಾಪೆ ಅಗಲವಾಗಲೆಂದು ನರ್ಸ್ ಹಾಕಿದ ಔಷಧಿ ಕಣ್ಣಲ್ಲಿ ಉರಿಯುತ್ತಿತ್ತು. ಜಯನಗರದ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ವಾರಪತ್ರಿಕೆ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಓದುವಾಗ ಮಂಜು ಮಂಜಾಗುತ್ತದೆಂದೇ ಅಲ್ಲಿಗೆ ಬಂದಿದ್ದೆ. ಓದುವುದೇ ನಿಂತುಹೋದರೆ ಏನು ಗತಿ ಎಂಬ ಹೆದರಿಕೆ ಕೆಲವು ವಾರಗಳಿಂದ ಒಳಗೇ ಕೂತಿತ್ತು. ಕೊನೆಗೆ ಬದಲಾದದ್ದು ಕನ್ನಡಕದ ನಂಬರು ಮಾತ್ರ, ನೀವು ಗಾಬರಿಯಾಗಬೇಡಿ. ಆದರೆ ಅದು ಆಗ ನನಗೆ ಗೊತ್ತಿರಲಿಲ್ಲ. ಮಗಳು ತನ್ನ ಎಂಪಿತ್ರೀ ಪ್ಲೇಯರಿನ ಇಯರ್‌ಫೋನನ್ನು ನನ್ನ ಕಿವಿಗೆ ಸಿಕ್ಕಿಸಿ, "ಕಾದಂಬರಿ ಕೇಳಮ್ಮ, ಸಖತ್ತಾಗಿ ಓದ್ತಾರೆ" ಎಂದಳು.

ನಿಜ, ಚೆನ್ನಾಗಿಯೇ ಓದುತ್ತಿದ್ದರು. ಕೆಮ್ಮಿಲ್ಲ, ತಡವರಿಕೆಯಿಲ್ಲ. ಎಷ್ಟು ಹೊತ್ತು ಕೇಳಿದರೂ ಮುಂದೇನಾಗುತ್ತದೆಂದು ಆ ಪುಣ್ಯಾತ್ಮ ದನಿಯಲ್ಲಿ ಬಿಟ್ಟುಕೊಡಲಿಲ್ಲ. ನಮ್ಮ ದೊಡ್ಡಮ್ಮ ಇದನ್ನು ಕೇಳಿದ್ದರೆ ಖಂಡಿತ ಮೆಚ್ಚುತ್ತಿರಲಿಲ್ಲ.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ಹನುಮಂತನಗರದವರು. ಸಾರು ಕುದಿಯುತ್ತಿರುವಾಗಲೂ ಅವರ ಕೈಯಲ್ಲಿ ಲೈಬ್ರರಿಯ ಕಾದಂಬರಿ ಇರುತ್ತಿತ್ತು. ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ತೊಂಬತ್ತರ ದಶಕದ ಮೊದಲಲ್ಲಿ, ಉಳಿದ ಒಂದೇ ಕಣ್ಣಿಗೂ ಪೊರೆ ಬಂತು. ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೂ ಆಪರೇಷನ್ ಇಲ್ಲ ಎಂದರು ಡಾಕ್ಟರು. ಓದಲಾಗದ ದೊಡ್ಡಮ್ಮ ಮನೆಮಂದಿಯ ಮೇಲೆಲ್ಲ ಹರಿಹಾಯತೊಡಗಿದರು.

ನಾನಾಗ ಹೊಸದಾಗಿ ಮದುವೆಯಾಗಿ ಬನಶಂಕರಿಗೆ ಬಂದಿದ್ದೆ. ನನ್ನ ದನಿ ಬಹಳ ಚೆನ್ನಾಗಿದೆ ಎಂಬ ಭ್ರಮೆಯೊಂದು ನನಗಿತ್ತು. ಶಾಲೆಯಲ್ಲಿ ನನ್ನ ಕೈಲಿ ಪ್ರಾರ್ಥನೆ ಹೇಳಿಸುತ್ತಿದ್ದರಲ್ಲ, ಅದರ ಪ್ರಭಾವ. ಭಾನುವಾರ ಟೇಪ್ ರೆಕಾರ್ಡರ್ ಮುಂದೆ ಕೂತು ಕಾದಂಬರಿ ಓದಿ, ಕ್ಯಾಸೆಟ್ ತುಂಬಿಸಿ ಕೊಂಡೊಯ್ಯುತ್ತಿದ್ದೆ.

ಶಹಭಾಸ್ ಎನ್ನುತ್ತಾರೆಂದುಕೊಂಡಿದ್ದೆ. "ಪುಸ್ತಕ ಆದ್ರೆ ಬೇಕಾದ ಕಡೆ ಹಿಂದೆ ತಿರುಗಿಸ್ಬೋದು. ಇದನ್ನ ತಿರುಗಿಸಿದ್ರೆ ಸತ್ತೋನು ಎದ್ದು ಮದುವೆ ಮನೇಲಿ ಕೂತಿರ್ತಾನೆ" ಎಂದು ಬೈದರು. ಇನ್ನೊಂದು ಸಲ, "ಅವಳ ಗಂಡ ಮನೆ ಬಿಟ್ಟು ಹೋಗೋವಾಗ ನಿಮ್ಮನೆ ಕುಕ್ಕರ್ ಕೂಗ್ತು. ಬೇಳೆ ಬೆಂತಾ?" ಎಂದರು. ಇವೆಲ್ಲ ಕೇಳಿದ ಕಾದಂಬರಿಗಳೇ ಹೊರತು ಓದಿದವಲ್ಲ ಎಂಬುದು ಅವರ ಖಚಿತ ಅಭಿಪ್ರಾಯ.

ಆದರೆ ದೊಡ್ಡ ದೂರು ಬೇರೆ. ನಾನು ಮೊದಲೇ ಓದಿ ಮುಗಿಸಿದ್ದ ಕಾದಂಬರಿಯನ್ನು ಅವರಿಗಾಗಿ ಮತ್ತೆ ಓದುತ್ತಿದ್ದೆನಲ್ಲ, ಗುಟ್ಟೆಲ್ಲ ನನ್ನ ದನಿಯಲ್ಲಿ ಬಯಲಾಗುತ್ತಿತ್ತಂತೆ. "ಅವಳು ಬಸ್ ಹತ್ತಿದಳು ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು ಕಣೆ, ವಾಪಸ್ ಬರಲ್ಲ ಅಂತ." ಮುಂದಿನ ವಾರ ರೇಡಿಯೋ ವಾರ್ತೆಯಂತೆ ಸಪ್ಪೆಯಾಗಿ ಓದಿದೆ. ಅದಕ್ಕೂ ಸಿಟ್ಟು: "ಏನು, ಮೈಗೆ ಹುಷಾರಿಲ್ವಾ?"

ಕೊನೆಗೂ ಆಪರೇಷನ್ ಆಯಿತು. ಪೊರೆ ತೆಗೆದ ಮೇಲೆಯೇ ಕಣ್ಣಿನ ಹಿಂಭಾಗ ಹೇಗಿದೆ ಎಂದು ತಿಳಿಯುವುದು, ಅದು ಕೆಟ್ಟಿದ್ದರೆ ಓದುವ ಆಸೆ ಬಿಡಬೇಕು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ಹೊರಗೆ ಕಾರಿಡಾರಿನಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಡಾಕ್ಟರು ಬಂದು, "ಹಿಂದೆ ಎಲ್ಲ ಚೆನ್ನಾಗಿದೆಯಮ್ಮ, ಓದ್ತಾರೆ" ಎಂದು ಹೇಳಿ ಹೋದರು. ಒಳಗೆ ದೊಡ್ಡಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಹೇಗೆ ಹೇಳುವುದೆಂದು ತೋಚದೆ, "ದೊಡ್ಡಮ್ಮ, ಕಾಫಿ ತರ್ಲಾ?" ಎಂದೆ.

"ಅಯ್ಯೋ, ಕಣ್ಣು ಬರುತ್ತೆ ಅಂದ್ರಾ!"

"ನಾನಿನ್ನೂ ಹೇಳೇ ಇಲ್ವಲ್ಲ!"

"ಇಷ್ಟು ತಿಂಗಳು ನಿನ್ನ ದನಿ ಕೇಳಿಲ್ವೇನೆ ನಾನು? ಹೋಗು, ಕಾಫಿ ತಾ. ಸಕ್ಕರೆ ಹಾಕಿಸ್ಬೇಡ."

ಕಾಫಿ ತರುವ ಬದಲು ಅವರ ಮಂಚದ ತುದಿಯಲ್ಲಿ ಕೂತು ಅತ್ತುಬಿಟ್ಟೆ. ಅಷ್ಟು ನೆಮ್ಮದಿಯಿಂದ ನಾನು ಎಂದೂ ಅತ್ತಿಲ್ಲ.

ಹೊಸ ಕನ್ನಡಕ ಬಂದ ಮೇಲೆ ದೊಡ್ಡಮ್ಮ, ಕೇಳಿದ್ದು ಲೆಕ್ಕಕ್ಕಿಲ್ಲವೆಂದು, ಅದೇ ಕಾದಂಬರಿಗಳನ್ನು ಮತ್ತೆ ತರಿಸಿಕೊಂಡು ಓದಿದರು. "ನೀನು ಓದಿದಾಗ ಆ ಅತ್ತೆ ಮಹಾ ಗಯ್ಯಾಳಿ ಆಗಿದ್ಲು. ಪುಸ್ತಕದಲ್ಲಿ ಪಾಪ, ಅಷ್ಟೇನಿಲ್ಲ ಕಣೆ" ಎಂದರು. ನಾನಾಗ ಹೊಸ ಸೊಸೆ ಎಂದು ಹೇಳಿದೆನಲ್ಲ. ಹೆಚ್ಚಿಗೆ ವಿವರಿಸುವುದಿಲ್ಲ.

ಅಚ್ಚಾದ ಪುಟ ಎಲ್ಲರ ಮುಂದೆಯೂ ಒಂದೇ ಥರ ಇರುತ್ತದೆ. ಅದು ಅದರ ದೊಡ್ಡತನ, ನಾನು ಇಂದಿಗೂ ಪುಸ್ತಕದ ಪಕ್ಷವೇ. ಆದರೆ ಗಟ್ಟಿಯಾಗಿ ಓದುವವರು ಕಥೆಯ ಜೊತೆ ತಮ್ಮನ್ನೂ ಬಡಿಸಿಬಿಡುತ್ತಾರೆ.

ಇಯರ್‌ಫೋನ್ ತೆಗೆದೆ. ಪಕ್ಕದಲ್ಲಿ ಮಗಳು ಮರುದಿನದ ಪರೀಕ್ಷೆಗೆಂದು ಅಕೌಂಟೆನ್ಸಿ ಪುಸ್ತಕ ಹಿಡಿದು ಕೂತಿದ್ದಳು.

"ಅದನ್ನೇ ಗಟ್ಟಿಯಾಗಿ ಓದೇ" ಎಂದೆ.

"ಇದನ್ನಾ? ಇದು ಡಿಪ್ರಿಸಿಯೇಷನ್ ಅಮ್ಮ!"

"ಆಗ್ಲಿ, ಓದು."

ಓದಿದಳು. ಎಷ್ಟೋ ವಾರಗಳ ಮೇಲೆ ಎದೆ ಹಗುರವಾಯಿತು. ಕಣ್ಣು ಮುಚ್ಚಿಕೊಂಡೇ ನಕ್ಕೆ. ಆ ಅಧ್ಯಾಯವನ್ನು ಅವಳು ಅವತ್ತೇ ಮೊದಲ ಸಲ ತೆರೆದದ್ದೆಂದು ತಿಳಿಯಲು ನನಗೆ ಕಣ್ಣು ಬೇಕಾಗಲಿಲ್ಲ.