ನಲವತ್ತೊಂದು ಸಾವಿರ ಪುಟಗಳಲ್ಲಿ ಒಂದು

ಪತ್ರಿಕೆಯ ಕಚೇರಿಯಲ್ಲಿ ಅವಳಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟವರು ಕ್ರೀಡಾ ಪುಟದವರು. ಏನು ಕೇಳಿದರೂ ತಟಕ್ಕನೆ ಉತ್ತರ ಕೊಡುವ ಹೆಂಗಸಲ್ಲ ಅವಳು. “ಊಟ ಆಯ್ತಾ ಮೇಡಂ?” ಎಂದರೂ ಒಂದು ಕ್ಷಣ ಸುಮ್ಮನಿದ್ದು, ಯಾವುದೋ ಕಡತದಲ್ಲಿ ಹುಡುಕಿ ಖಚಿತ ಮಾಡಿಕೊಂಡವಳ ಹಾಗೆ, “ಆಯ್ತು” ಎನ್ನುತ್ತಿದ್ದಳು. ಆ ಹೆಸರು ಹಿಡಿದು ಎದುರಿಗೆ ಯಾರೂ ಕರೆದವರಲ್ಲ, ಆದರೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಜಾರಾಗಲಿಲ್ಲ. ಅವಳು ಬೇಜಾರು ಮಾಡಿಕೊಳ್ಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಮೊದಲು ಅವಳದು ಕರಡು ತಿದ್ದುವ ಕೆಲಸ. ಕರಡು ವಿಭಾಗ ಮುಚ್ಚಿದಾಗ ಅಲ್ಲಿದ್ದ ನಾಲ್ವರಲ್ಲಿ ಮೂವರನ್ನು ಮನೆಗೆ ಕಳಿಸಿ, ಇವಳೊಬ್ಬಳನ್ನು ಮೂರನೇ ಮಹಡಿಯ ವೆಬ್‌ಸೈಟ್ ವಿಭಾಗಕ್ಕೆ ದಾಟಿಸಿದರು. ವಿಭಾಗ ಎನ್ನುವುದು ದೊಡ್ಡ ಮಾತು. ಮುರುಕು ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯ ಮೂಲೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಆನ್ ಮಾಡಿದರೆ ಕಟಕಟ ಎನ್ನುವ ಒಂದು ಫ್ಯಾನ್, ಇಷ್ಟೇ. ಅಲ್ಲಿದ್ದವನು ಬೇರೆ ಕೆಲಸ ಹಿಡಿದು ಹೋಗುವ ಮುಂಚೆ ಒಂದು ವಾರ ಕೂತು ಕಲಿಸಿಕೊಟ್ಟ. ಐವತ್ತರ ಹತ್ತಿರ ಬಂದ ಹೆಂಗಸಿಗೆ ಇದೆಲ್ಲ ತಲೆಗೆ ಹತ್ತುತ್ತದೆಯೇ ಎಂದು ಕೆಳಗಿನ ಮಹಡಿಯವರು ಆಡಿಕೊಂಡರು. ಹತ್ತಿತು. ತಪ್ಪಿಲ್ಲದ ಹಾಗೆ ಒಂದೊಂದೇ ಸಾಲು ನೋಡಿಕೊಂಡು ಹೋಗುವುದು ತಾನೇ? ಅವಳು ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ.

ಈ ವರ್ಷ ಪತ್ರಿಕೆಯವರು ವೆಬ್‌ಸೈಟನ್ನು ಹೊಸದಾಗಿ ಕಟ್ಟಿಸಿದರು. ಹದಿನೈದು ವರ್ಷದ ಹಳೆಯ ಸುದ್ದಿಯೆಲ್ಲ ಹೊಸ ಮನೆಗೆ ಸಾಗಿತು. ಒಟ್ಟು ನಲವತ್ತೊಂದು ಸಾವಿರ ಪುಟ. ಆದರೆ ಸರ್ಚ್ ಎಂಜಿನ್‌ನಲ್ಲಿ ಹುಡುಕಿದರೆ ಅದರಲ್ಲಿ ಕಾಲು ಭಾಗವೂ ಸಿಗುತ್ತಿರಲಿಲ್ಲ. ಹಳೆಯ ಸೈಟಿನ ಪುಟಗಳಿಗೆ ಎಲ್ಲಿಂದಲೂ ದಾರಿಯಿರಲಿಲ್ಲ. ಹುಡುಕುವ ಯಂತ್ರ ಬಂದು ಹೊರಗಿನ ನಾಲ್ಕು ಪುಟ ನೋಡಿಕೊಂಡು ವಾಪಸ್ ಹೋಗುತ್ತಿತ್ತು. ಅದಕ್ಕೆ ಮದ್ದು ಸೈಟ್‌ಮ್ಯಾಪ್. ಅಂದರೆ ನಮ್ಮಲ್ಲಿ ಇಂತಿಂಥ ಪುಟಗಳಿವೆ, ಇದು ಇದರ ವಿಳಾಸ, ಇದು ಕೊನೆಯ ಸಲ ಬದಲಾದ ದಿನಾಂಕ ಎಂದು ಬರೆದು ಯಂತ್ರದ ಕೈಗೆ ಕೊಡುವ ಪಟ್ಟಿ. ಪಟ್ಟಿ ಕೊಟ್ಟ ಮೇಲೆ ಅದು ಒಂದೊಂದೇ ಪುಟಕ್ಕೆ ಬಂದು, ಓದಿ, ತನ್ನ ಇಂಡೆಕ್ಸಿಗೆ ಸೇರಿಸಿಕೊಳ್ಳುತ್ತದೆ. ಸೇರಿಸಿಕೊಂಡರೆ ಜನಕ್ಕೆ ಸಿಗುತ್ತದೆ. ಇಲ್ಲದಿದ್ದರೆ ಪುಟ ಇದ್ದೂ ಇಲ್ಲದ ಹಾಗೆ.

“ಒಂದೂ ಬಿಡಬೇಡಿ ಮೇಡಂ,” ಎಂದಿದ್ದರು ಸಂಪಾದಕರು. “ಎಲ್ಲಾ ಒಳಗೆ ಬರಬೇಕು.”

ಒಂದೂ ಬಿಡದ ಹಾಗೆ ಕೆಲಸ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಟ್ಟಿಯನ್ನು ವರ್ಷವಾರು ತೆರೆದು, ಬೆರಳು ಸವೆಯುವಷ್ಟು ಉರುಳಿಸುತ್ತ ಎಂಟು ದಿನ ನೋಡಿದಳು. ಆರನೆಯ ದಿನ ಮಧ್ಯಾಹ್ನ ಆ ಸಾಲು ಬಂತು: ‘ಲಿಫ್ಟ್ ಕುಸಿತ: ಮೆಕ್ಯಾನಿಕ್ ಬಂಧನ.’

ಆ ಮೆಕ್ಯಾನಿಕ್ ಅವಳ ತಮ್ಮ.

ಹನ್ನೊಂದು ವರ್ಷದ ಹಿಂದೆ ಒಂದು ವ್ಯಾಪಾರ ಕಟ್ಟಡದ ಲಿಫ್ಟ್ ಎರಡು ಮಹಡಿ ಕೆಳಕ್ಕೆ ಬಿದ್ದು ಇಬ್ಬರ ಕಾಲು ಮುರಿದಿತ್ತು, ಒಬ್ಬ ಮುದುಕ ತೀರಿಕೊಂಡಿದ್ದ. ಆರು ದಿನ ಮುಂಚೆ ಆ ಲಿಫ್ಟಿನ ಸರ್ವಿಸ್ ಮಾಡಿದವನು ಅವಳ ತಮ್ಮ. ಅವನನ್ನು ಹಿಡಿದುಕೊಂಡು ಹೋದ ಸುದ್ದಿ ಕರಡಾಗಿ ಬಂದದ್ದು, ಬೇರೆ ಯಾರ ಮೇಜಿಗೂ ಅಲ್ಲ, ಅವಳ ಮೇಜಿಗೇ. ಅವಳ ಪಾಳಿ. ಅವಳು ಓದಿದಳು. ಎರಡು ಕಡೆ ಅಚ್ಚಿನ ತಪ್ಪು ತಿದ್ದಿದಳು. ವರದಿಗಾರ ಅವನ ವಯಸ್ಸು ಮೂವತ್ತನಾಲ್ಕು ಎಂದು ಬರೆದಿದ್ದ. ಹೊಡೆದು ಹಾಕಿ ಮೂವತ್ತೊಂದು ಎಂದು ಮಾಡಿದಳು. ಅದು ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಕೆಳಗೆ ಸಹಿ ಹಾಕಿ ಕಳಿಸಿದಳು. ಅವತ್ತು ಅವಳೊಳಗೆ ಏನೋ ಮರಗಟ್ಟಿತು, ಒಂದೇ ಕಡೆ ಬಹಳ ಹೊತ್ತು ಕೂತರೆ ಕಾಲು ಮರಗಟ್ಟುವ ಹಾಗೆ. ಕಾಲಾದರೆ ಎದ್ದು ಕೊಡವಿದರೆ ಸರಿಹೋಗುತ್ತಿತ್ತು.

ಎಂಟು ತಿಂಗಳ ಮೇಲೆ ತಮ್ಮ ನಿರ್ದೋಷಿ ಎಂದು ಸಾಬೀತಾಯಿತು. ಸರ್ವಿಸ್ ಆದ ಮೇಲೆ ಕಟ್ಟಡದ ಮಾಲೀಕ ಬೇರೆ ಯಾರನ್ನೋ ಕರೆಸಿ ಬ್ರೇಕಿಗೆ ಹಳೆಯ ಭಾಗ ಹಾಕಿಸಿದ್ದ. ಆ ಸುದ್ದಿಯೂ ನಾಲ್ಕು ಸಾಲು ಬರೆದು ಬಂತು, ಅದನ್ನೂ ಅವಳೇ ಓದಿದಳು. ಪುಟ ಕಟ್ಟುವಾಗ ಜಾಹೀರಾತಿಗೆ ಜಾಗ ಸಾಲದೆ ತೆಗೆದರು. ನಾಳೆ ಹಾಕೋಣ ಎಂದರು. ಆ ನಾಳೆ ಬರಲೇ ಇಲ್ಲ, ಅವಳೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ನಿಮಗೂ ನನಗೂ ಅನ್ನಿಸುತ್ತದೆ. ಅವಳಿಗೆ ಏನಾದರೂ ಅನ್ನಿಸುವ ಕಾಲ ಆಗಲೇ ಮುಗಿದಿತ್ತು.

ಈಗ ಪಟ್ಟಿಯಲ್ಲಿ ಆ ಸಾಲು ಕಂಡಾಗಲೂ ಅಷ್ಟೆ. ಕಣ್ಣು ಅಲ್ಲಿ ಒಂದು ಕ್ಷಣ ನಿಂತಿತು. ಆ ಒಂದು ಸಾಲು ಅಳಿಸಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಲವತ್ತೊಂದು ಸಾವಿರದಲ್ಲಿ ಒಂದು ಕಡಿಮೆಯಾದರೆ ಯಾರು ಎಣಿಸಲು ಬರುತ್ತಾರೆ? ವಿಳಾಸ ಸರಿಯಿದೆಯೇ ನೋಡಿದಳು. ಸರಿಯಿತ್ತು. ಕೆಳಗಿನ ಸಾಲಿಗೆ ಹೋದಳು.

ಇನ್ನು ದಿನಾಂಕದ ವಿಷಯ. ಕೊನೆಯ ಸಲ ಬದಲಾದ ದಿನಾಂಕ ಎಂಬ ಜಾಗ ಅರ್ಧಕ್ಕರ್ಧ ಪುಟಗಳಲ್ಲಿ ಖಾಲಿಯಿತ್ತು. ಖಾಲಿ ಬಿಡುವುದು ಅವಳ ಜಾಯಮಾನವಲ್ಲ. ಪುಟಗಳೆಲ್ಲ ಹೊಸ ಸೈಟಿಗೆ ಬಂದ ದಿನ ಅವುಗಳ ರೂಪ ಬದಲಾಗಿದ್ದು ನಿಜ ತಾನೇ? ಎಲ್ಲಕ್ಕೂ ಆ ದಿನಾಂಕವನ್ನೇ ತುಂಬಿದಳು. ಸೈಟ್ ಕಟ್ಟಿಕೊಟ್ಟವರು ಹೊಸ ವಿನ್ಯಾಸದಲ್ಲಿ ಹಳೆಯ ದಿನಾಂಕವನ್ನು ಪುಟದ ತಳದಲ್ಲಿ ಸಣ್ಣಕ್ಷರದಲ್ಲಿಟ್ಟು, ಈ ದಿನಾಂಕವನ್ನು ತಲೆಬರಹದ ಕೆಳಗೇ ಎದ್ದು ಕಾಣುವಂತೆ ಕೂರಿಸಿದ್ದರು. ಅದನ್ನು ಅವಳು ಗಮನಿಸಲಿಲ್ಲ. ಮಂಗಳವಾರ ಪಟ್ಟಿ ಕೊಟ್ಟಳು. ಹನ್ನೊಂದು ವರ್ಷ ತೆಪ್ಪಗೆ ಬಿದ್ದಿದ್ದ ಆ ಸುದ್ದಿ ಗುರುವಾರದ ಹೊತ್ತಿಗೆ ಇಂಡೆಕ್ಸಿಗೆ ಸೇರಿ, ಹೊಸ ದಿನಾಂಕ ಹೊತ್ತು ಎದ್ದು ಕೂತಿತು.

ಸೋಮವಾರ ಬೆಳಗ್ಗೆ ತಮ್ಮನ ಫೋನ್ ಬಂತು.

“ಅಕ್ಕಾ, ನಿಮ್ಮ ಪೇಪರ್‌ನಲ್ಲಿ ನನ್ನ ಮೇಲೆ ಮತ್ತೆ ಬರೆದಿದ್ದೀರಾ?”

“ಇಲ್ಲವಲ್ಲ. ಯಾಕೆ?”

“ಮೊನ್ನೆ ಮೊನ್ನೆ ಲಿಫ್ಟ್ ಬಿದ್ದು ಒಬ್ಬ ಸತ್ತ ಅಂತ ಇದೆಯಂತೆ. ನನ್ನನ್ನ ಹಿಡಿದುಕೊಂಡು ಹೋಗಿದ್ದಾರಂತೆ. ನಾನು ಇಲ್ಲೇ ನಿಂತಿದ್ದೀನಿ, ಇವರು ನನಗೇ ಓದಿ ಹೇಳ್ತಾರೆ.”

ಅವನು ಊರೂರು ಅಲೆದು, ಸಿಕ್ಕಿದ ಕೂಲಿ ಮಾಡಿ, ಒಂದು ವರ್ಷದಿಂದ ಈಚೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟುಗಳ ಮೇಲ್ವಿಚಾರಕನಾಗಿದ್ದ. ಕೆಲಸ ಕಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನಿಸಲು ಬರುವ ಶುಕ್ರವಾರ ಆಡಳಿತದವರ ಸಭೆ. ಅಷ್ಟರಲ್ಲಿ ಈ ಫಜೀತಿ. ಕರೆಂಟು ಹೋಗಿ ಹತ್ತು ನಿಮಿಷ ಲಿಫ್ಟಿನೊಳಗೆ ಸಿಕ್ಕಿಕೊಂಡ ರೋಗಿಯ ಕಡೆಯವನೊಬ್ಬ, ಅಲ್ಲೇ ಫಲಕದಲ್ಲಿದ್ದ ಮೇಲ್ವಿಚಾರಕನ ಹೆಸರನ್ನು ಸಿಟ್ಟಿನಲ್ಲಿ ಮೊಬೈಲಿನಲ್ಲಿ ಹುಡುಕಿದ್ದಾನೆ. ಹುಡುಕಿದರೆ ಮೊದಲು ಬಂದದ್ದು ಅದೇ.

“ನಾನು ಸರಿ ಮಾಡ್ತೀನಿ,” ಎಂದಳು.

“ಶುಕ್ರವಾರದೊಳಗೆ ಆಗುತ್ತಾ?”

ಅವಳು ಎಂದಿನ ಹಾಗೆ ಒಂದು ಕ್ಷಣ ತಡೆದಳು. “ನೋಡ್ತೀನಿ.”

ದಿನಾಂಕ ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು. ನಲವತ್ತೊಂದು ಸಾವಿರ ಪುಟಗಳಿಗೂ ಅವುಗಳ ಅಸಲಿ ದಿನಾಂಕ ಹಾಕಿ, ಪಟ್ಟಿಯನ್ನು ಮತ್ತೆ ಕೊಟ್ಟಳು. ಆದರೆ ಯಂತ್ರಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ. ಅದು ಮತ್ತೆ ಬಂದು ನೋಡುವವರೆಗೆ ಹುಡುಕಿದವರಿಗೆ ಹಳೆಯದೇ ಕಾಣುತ್ತದೆ. ಸಂಜೆ ಸಂಪಾದಕರ ಕೋಣೆಗೆ ಹೋಗಿ ವಿಷಯವೆಲ್ಲ ಹೇಳಿದಳು. ಆರೋಪಿ ತನ್ನ ತಮ್ಮ ಎಂದು ಆ ಕಚೇರಿಯಲ್ಲಿ ಅವಳು ಬಾಯಿಬಿಟ್ಟದ್ದು ಅದೇ ಮೊದಲು. ಆ ಮನುಷ್ಯ ಕೆಟ್ಟವನೇನಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಚ್ಚಾದದ್ದು ಅಚ್ಚಾಯ್ತು ಮೇಡಂ. ಅದನ್ನ ತೆಗೆಯೋದು ನನ್ನ ಕೈಲಾಗಲ್ಲ. ಖುಲಾಸೆ ಆದದ್ದು ಬರೆದುಕೊಡಿ, ಇವತ್ತೇ ಹಾಕೋಣ. ಅವತ್ತೇ ಹಾಕಬೇಕಿತ್ತು.”

ಹಾಕಿದರು. ಆರು ಸಾಲಿನ ಹೊಸ ಪುಟ. ಅವಳು ಅದನ್ನು ಪಟ್ಟಿಗೆ ಸೇರಿಸಿ, ಇದನ್ನು ಬೇಗ ನೋಡಿ ಎಂದು ಪ್ರತ್ಯೇಕ ಕೋರಿಕೆಯನ್ನೂ ಕಳಿಸಿದಳು. ಮಂಗಳವಾರ ನೋಡಿದರೆ ಉತ್ತರ ಬಂದಿತ್ತು: ‘ಪುಟ ಪತ್ತೆಯಾಗಿದೆ, ಸದ್ಯಕ್ಕೆ ಇಂಡೆಕ್ಸ್ ಆಗಿಲ್ಲ.’ ಬುಧವಾರವೂ ಅದೇ. ಗುರುವಾರ ಗಂಟೆಗೊಂದು ಸಲ ನೋಡಿದಳು, ಅದೇ. ಬಂಧನದ ಪುಟಕ್ಕೆ ಎರಡೇ ದಿನದಲ್ಲಿ ಬಂದ ಯಂತ್ರಕ್ಕೆ ಬಿಡುಗಡೆಯ ಪುಟಕ್ಕೆ ಬರಲು ಪುರುಸೊತ್ತಿಲ್ಲ! ನನಗಂತೂ ಮೈಯೆಲ್ಲ ಉರಿಯುತ್ತದೆ. ಅವಳು ಮಾತ್ರ ಟೀ ಆರುವ ತನಕ ಆ ಸಾಲನ್ನೇ ನೋಡುತ್ತ ಕೂತಿದ್ದಳು. ಒಮ್ಮೆ ಪಟ್ಟಿ ತೆರೆದು ತಮ್ಮನ ಬಂಧನದ ಸಾಲನ್ನು ಅಳಿಸಿದಳು. ಪಟ್ಟಿಯಿಂದ ತೆಗೆದ ಮಾತ್ರಕ್ಕೆ ಯಂತ್ರ ತಾನು ಓದಿದ್ದನ್ನು ಮರೆಯುವುದಿಲ್ಲ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಮತ್ತೆ ಆ ಸಾಲನ್ನು ಅಲ್ಲೇ ಇಟ್ಟಳು.

ಶುಕ್ರವಾರ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಆಡಳಿತ ವಿಭಾಗದ ಹೆಂಗಸು ಕುರ್ಚಿ ಕೊಟ್ಟು, ನೀರು ತರಿಸಿ, ಮರ್ಯಾದೆಯಿಂದಲೇ ಮಾತಾಡಿದಳು.

“ತೀರ್ಪಿನ ಪ್ರತಿ ತಂದಿದ್ದೀನಿ ಮೇಡಂ,” ಎಂದಳು ಅಕ್ಕ.

“ಅದು ನಮ್ಮ ಹತ್ತಿರ ಇದೆ. ಕೆಲಸಕ್ಕೆ ಸೇರುವಾಗಲೇ ಅವರು ಕೊಟ್ಟಿದ್ದಾರೆ. ನಿಮ್ಮ ತಮ್ಮನ ತಪ್ಪಿಲ್ಲ ಅಂತ ನಮಗೆ ಗೊತ್ತು.”

“ಮತ್ತೆ?”

“ನಮಗೆ ಗೊತ್ತಿದ್ದು ಏನು ಬಂತು ಹೇಳಿ? ರೋಗಿಗಳ ಕಡೆಯವರು ಹುಡುಕಿ ನೋಡ್ತಾರೆ. ಹುಡುಕಿದರೆ ಅದೊಂದೇ ಬರುತ್ತೆ. ನಾಲ್ಕು ಜನ ಬಂದು ಗಲಾಟೆ ಮಾಡಿ ಹೋದರು. ನೀವು ಇನ್ನೊಂದು ಸುದ್ದಿ ಹಾಕಿದ್ದೀರಿ ಅಂತ ನಿಮ್ಮ ತಮ್ಮ ಹೇಳಿದ್ರಲ್ಲ, ಅದೆಲ್ಲಿ? ಇಲ್ಲಿ ಹುಡುಕಿ ತೋರಿಸಿ.”

ಹೆಂಗಸು ಮೊಬೈಲನ್ನು ಮುಂದೆ ಸರಿಸಿದಳು. ಅಕ್ಕ ತಮ್ಮನ ಹೆಸರು ಬರೆದು ಹುಡುಕಿದಳು. ಒಂದನೇ ಪುಟ, ಎರಡನೇ ಪುಟ, ಮೂರನೇ ಪುಟ. ಮೊಬೈಲನ್ನು ಮೇಜಿನ ಮೇಲಿಟ್ಟಳು.

ತಮ್ಮನ ಕೆಲಸ ಕಾಯಂ ಆಗಲಿಲ್ಲ. ಸಂಜೆ ಐದಕ್ಕೆ ಬೀಗದ ಕೈಗೊಂಚಲು, ಗುರುತಿನ ಚೀಟಿ ಎಲ್ಲ ಒಪ್ಪಿಸಿ ಹೊರಬಿದ್ದ. ಗೇಟಿನ ಹತ್ತಿರ ಅಕ್ಕ ನಿಂತಿದ್ದಳು. ಇಬ್ಬರೂ ಬಸ್ ನಿಲ್ದಾಣದ ತನಕ ನಡೆದರು. ಅವಳ ಬಸ್ಸು ಬಂದಾಗ “ಹುಷಾರಾಗಿ ಹೋಗು” ಎಂದ, ಅಷ್ಟೆ.

ಮುಂದಿನ ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹುಡುಕಿದಾಗ ಬಿಡುಗಡೆಯ ಪುಟ ಸಿಕ್ಕಿತು. ಹಳೆಯದರ ಮೇಲಿದ್ದ ಹೊಸ ದಿನಾಂಕವೂ ಹೋಗಿ ಹನ್ನೊಂದು ವರ್ಷದ ಹಿಂದಿನದು ಬಂದಿತ್ತು. ಅವಳು ಕುರ್ಚಿಗಳ ರಾಶಿಯ ಪಕ್ಕಕ್ಕೆ ಹೋಗಿ ನಿಂತು ತಮ್ಮನಿಗೆ ಫೋನ್ ಮಾಡಿದಳು.

“ಬಂತು ಕಣೋ.”

“ಏನು?”

“ನಿನ್ನ ತಪ್ಪಿಲ್ಲ ಅನ್ನೋದು.”

“ಮೇಲೆ ಬಂತಾ, ಕೆಳಗೆ ಬಂತಾ?”

“ಕೆಳಗೆ.”

“ಎಷ್ಟು ಕೆಳಗೆ?”

“ಎರಡನೇ ಪುಟದಲ್ಲಿ. ಏಳನೆಯದು.”

“ಸರಿ ಬಿಡು,” ಎಂದ. ಅವನ ಹಿಂದೆ ಯಾರೋ ನಲ್ಲಿ ಬಿಟ್ಟು ಪಾತ್ರೆ ತೊಳೆಯುತ್ತಿದ್ದರು, ಅವನ ಹೆಂಡತಿಯಿರಬೇಕು.

ಅಲ್ಲಿಗೆ ಫೋನ್ ಇಡಬಹುದಿತ್ತು. ಅವಳು ಇಡಲಿಲ್ಲ. ಅವಳು ಜೀವಮಾನದಲ್ಲಿ ಯಾವ ತಡೆಯೂ ಇಲ್ಲದೆ ಆಡಿದ ಮಾತು ಇದೊಂದೇ ಇರಬೇಕು.

“ಅದನ್ನ ಪಟ್ಟಿಗೆ ಹಾಕಿ ಕಳಿಸಿದ್ದು ನಾನೇ. ಗೊತ್ತಿಲ್ಲದೆ ಅಲ್ಲ. ನೋಡಿದೆ. ನಿನ್ನದೇ ಅಂತ ಗೊತ್ತಾಯ್ತು. ತೆಗೆಯಬಹುದಿತ್ತು. ಬಿಟ್ಟೆ.”

ನಲ್ಲಿ ನಿಂತಿತು. ಅವನು ಕೇಳಿದ, “ಯಾಕೆ ಅಕ್ಕಾ?”

ಅವಳು ಕಾರಣ ಹುಡುಕಿದಳು. ಸಂಪಾದಕರು ಒಂದೂ ಬಿಡಬೇಡಿ ಎಂದಿದ್ದರು ಎನ್ನಬಹುದಿತ್ತು, ಹಳೆಯದನ್ನು ಯಾರು ನೋಡುತ್ತಾರೆ ಎಂದುಕೊಂಡೆ ಎನ್ನಬಹುದಿತ್ತು. ಯಾವುದೂ ನಿಜವಲ್ಲ.

“ಏನೂ ಅನ್ನಿಸಲಿಲ್ಲ,” ಎಂದಳು.

ತಮ್ಮ ಬೈಯಲಿಲ್ಲ. ಬೈಯುತ್ತಾನೆ ಎಂದುಕೊಂಡೇ ಅವಳು ಗೋಡೆ ಹಿಡಿದು ನಿಂತಿದ್ದಳು.

“ಶುಕ್ರವಾರ ಬೀಗದ ಕೈ ಇಸ್ಕೊಂಡ್ರಲ್ಲ,” ಎಂದ ಅವನು, ಯಾರದೋ ಸುದ್ದಿ ಹೇಳುವವನ ಹಾಗೆ. “ಆಗ ನನಗೂ ಏನೂ ಅನ್ನಿಸಲಿಲ್ಲ ಅಕ್ಕಾ. ಇನ್ನೂ ಅನ್ನಿಸ್ತಾ ಇಲ್ಲ. ಇವಳು ಅಳ್ತಾಳೆ, ನಾನು ನೋಡ್ತಾ ಕೂತಿರ್ತೀನಿ. ನಿನಗೆ ಹೀಗೆ ಎಷ್ಟು ದಿನ ಇತ್ತು?”

ಅವಳಿಗೆ ಭಯವಾಯಿತು. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಭಯವಾಯಿತು.

“ನೀನು ಮನೆಯಲ್ಲೇ ಇರು,” ಎಂದಳು. “ನಾನು ಈಗಲೇ ಬರ್ತೀನಿ.”

ಕಂಪ್ಯೂಟರ್ ಆರಿಸದೆ, ಯಾರಿಗೂ ಹೇಳದೆ, ಮೂರು ಮಹಡಿಯ ಮೆಟ್ಟಿಲನ್ನು ಅವಳು ಓಡುತ್ತ ಇಳಿದಳು.