ಗಿರಣಿ ತಿರುವಿನ ಫಲಕ

ರಮಾಮಣಿ ಹುಟ್ಟಿದ್ದು ಮೈಸೂರಿನಲ್ಲಾದರೂ ಬದುಕಿನ ಬಹುಪಾಲು ಹೊರದೇಶದ ಹಿಲ್ಸ್‌ಬರೋದಲ್ಲಿ ದಂತವೈದ್ಯೆಯಾಗಿ ಜನರ ಹಲ್ಲು ನೋಡುತ್ತ ಕಳೆದವರು. ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ಟ್ರಕ್ಕು ಅವರ ಕಾರನ್ನು ಹಿಂದಿನಿಂದ ಗುದ್ದಿತ್ತು. ಮುರಿದ ಮೂಳೆ ಕೂಡಿಕೊಂಡಿತು, ಎದೆಯ ನಡುಕ ಹೋಗಲಿಲ್ಲ. ಆಮೇಲೆ ಅವರು ಸ್ಟೀರಿಂಗ್ ಮುಟ್ಟಲಿಲ್ಲ. ರಸ್ತೆ ದಾಟಲೂ ಗಂಡ ಸೂರ್ಯನಾರಾಯಣರ ತೋಳು ಬೇಕಿತ್ತು.

ಮೊದಲ ವಲಸಿಗರು ಇಲ್ಲಿ ಗಿರಣಿ ಹಾಕಿ ಊರು ಕಟ್ಟಿದರೆಂದು ಹೇಳುವ ಹಳೆಯ ಕಬ್ಬಿಣದ ಫಲಕವೊಂದು ರಸ್ತೆ ತಿರುವಿನ ಬದಿಯಲ್ಲಿತ್ತು. ನಾಜೂಕು ಕೆಲಸದಲ್ಲಿ ಪಳಗಿದ ಕೈ ನಿಮ್ಮದು, ಅದಕ್ಕೆ ಬಣ್ಣ ಬಳಿದು ಕೊಡಿ ಎಂದು ಊರಿನ ಇತಿಹಾಸ ಸಂಘದವರು ಕೇಳಿದಾಗ, ಬಿಚ್ಚಿ ಮನೆಗೆ ತಂದುಕೊಡುತ್ತಾರೆಂದುಕೊಂಡು ರಮಾಮಣಿ ಹೂಂ ಅಂದುಬಿಟ್ಟರು. ಬೋಲ್ಟುಗಳೆಲ್ಲ ತುಕ್ಕು ಹಿಡಿದಿವೆ, ಅಲ್ಲೇ ನಿಂತು ಮಾಡಬೇಕು ಎಂದು ತಿಳಿದದ್ದು ಆಮೇಲೆ.

“ಆಗಲ್ಲ ಅಂತ ಇಮೇಲ್ ಮಾಡಿಬಿಡು ರಮಾ,” ಎಂದರು ಸೂರ್ಯನಾರಾಯಣ.

“ಒಪ್ಕೊಂಡಾಗಿದೆ ರೀ. ನೀವು ಜೊತೆಗೆ ಬನ್ನಿ, ಸಾಕು.”

ಫಲಕದ ಮುಂದೆ ಕುಳ್ಳ ಸ್ಟೂಲು ಹತ್ತಿ ನಿಂತರೆ ಬೆನ್ನಿಗೇ ರಸ್ತೆ. ಗೋದಾಮುಗಳಿಗೆ ಹೋಗುವ ಟ್ರಕ್ಕುಗಳು ಹಾದಾಗಲೆಲ್ಲ ನೆಲ ಅದುರುತ್ತಿತ್ತು. ಹಲ್ಲು ಕೆರೆಯುವ ಕೊಕ್ಕೆಯಿಂದ ಅಕ್ಷರಗಳ ಸಂದಿಯ ಹಳೆಯ ಬಣ್ಣ ತೆಗೆಯುತ್ತ ರಮಾಮಣಿ ರಾಯರ ಹೆಸರು ಹೇಳಿಕೊಳ್ಳುತ್ತಿದ್ದರು.

ಗಂಡ ನೀರು ತರಲೆಂದು ಕಾರಿನತ್ತ ಹೋದರು. ಅಷ್ಟರಲ್ಲಿ ಪಕ್ಕದ ಮನೆಯ ಅಂಗಳದಿಂದ ಬಿಳಿಗಡ್ಡದ ಮುದುಕನೊಬ್ಬ ಕೈ ಬೀಸಿ ಕೂಗುತ್ತ ಓಡಿಬಂದ. ಫಲಕ ಕೆಡಿಸುತ್ತಿದ್ದೇನೆಂದು ಬೈಯಲು ಬಂದನೇನೋ ಎಂದು ಬೆದರಿದ ರಮಾಮಣಿ ಸ್ಟೂಲಿನಿಂದ ಇಳಿದು ಫಲಕದ ಹಿಂದಕ್ಕೆ ಸರಿದರು. ಮರುಕ್ಷಣ, ತಿರುವಿನಲ್ಲಿ ತೀರ ಒಳಕ್ಕೆ ನುಗ್ಗಿದ ಟ್ರಕ್ಕಿನ ಹಿಂದಿನ ಗಾಲಿ ಹುಲ್ಲಿನ ಮೇಲೆ ಹತ್ತಿ, ಸ್ಟೂಲನ್ನೂ ಬಣ್ಣದ ಡಬ್ಬವನ್ನೂ ಅಪ್ಪಚ್ಚಿ ಮಾಡಿತು. ಟ್ರಕ್ಕು ನಿಲ್ಲದೆ ಹೊರಟುಹೋಯಿತು.

“ಅದು ಬರೋದು ನೋಡೇ ಕೂಗಿದ್ದು,” ಎಂದು ಮುದುಕ ಏದುಸಿರು ಬಿಡುತ್ತ ಇಂಗ್ಲಿಷಿನಲ್ಲಿ ಹೇಳಿದ. “ರಸ್ತೆ ಬದಿ ಇದ್ದ ನನ್ನ ಮೇಲ್‌ಬಾಕ್ಸ್ ಕೂಡ ಹೀಗೇ ಹೋಯ್ತು.”

ಓಡಿಬಂದ ಸೂರ್ಯನಾರಾಯಣ ಭುಜ ಹಿಡಿದಾಗ ರಮಾಮಣಿಯ ಹಲ್ಲು ಕಟಕಟ ಎನ್ನುತ್ತಿದ್ದವು.

“ಸಾಕು, ನಡಿ ಮನೆಗೆ. ಇನ್ನು ಈ ಕಡೆ ಬರೋದೇ ಬೇಡ.”

ಕಾರಿನಲ್ಲಿ ರಮಾಮಣಿ ಅಂದರು, “ಅರ್ಧ ಕೆರೆದು ಬಿಟ್ಟಿದ್ದೀನಿ ರೀ. ಮಳೆ ಬಿದ್ರೆ ತುಕ್ಕು ತಿಂದು ಹಾಕುತ್ತೆ.”

ಮುಂದಿನ ಶನಿವಾರ ಇಬ್ಬರೂ ಮತ್ತೆ ಬಂದಾಗ ಆ ಮುದುಕ ತನ್ನ ಪಿಕಪ್ ಗಾಡಿಯನ್ನು ರಮಾಮಣಿಗೂ ರಸ್ತೆಗೂ ನಡುವೆ ನಿಲ್ಲಿಸಿ ದೀಪ ಮಿನುಗಿಸಿದ. ಸೂರ್ಯನಾರಾಯಣ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ತಿರುವಿನಲ್ಲಿ ಕಾವಲು ನಿಂತರು. ಆದರೂ ರಮಾಮಣಿಯ ಭಯ ಇಳಿಯಲಿಲ್ಲ. ಪ್ರತಿ ಟ್ರಕ್ಕಿಗೂ ಕುಂಚ ಎತ್ತಿ, ಸದ್ದು ದೂರವಾದ ಮೇಲೆ ಮತ್ತೆ ಊರುತ್ತಿದ್ದರು. ಕೊನೆಯ ಸಾಲಿನ ಒಂದು ಅಕ್ಷರದ ಬಣ್ಣ ಆಚೆಗೆ ಹರಿಯಿತು. ಒರೆಸಲು ಹೋದಾಗಲೇ ಇನ್ನೊಂದು ಟ್ರಕ್ಕಿನ ಸದ್ದು.

“ಇರಲಿ ಬಿಡಿ, ಓದಕ್ಕೆ ಬರುತ್ತೆ,” ಎಂದು ಡಬ್ಬ ಮುಚ್ಚಿ, ಅವರೇ ಮೊದಲು ಕಾರು ಹತ್ತಿದರು.