ಭೀಮಶ್ಯಾನ ಸಿಗ್ನಲ್ ಕ್ಯಾಬಿನ್

ಮನಗೂಳಿಯ ಭೀಮಶ್ಯಾ ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತು ವರ್ಷ ಲಿವರ್ ಎಳೆದು ನಿವೃತ್ತನಾದವನು. ಇವತ್ತಿಗೂ ಅಡಿಗೆಮನೆಗೆ ಕಾಲಿಡುವ ಮೊದಲು "ಲೈನ್ ಕ್ಲಿಯರ್ ಐತೇನು?" ಎಂದು ಕೇಳುತ್ತಾನೆ, ಹೆಂಡತಿ ಶೆಟ್ಟೆವ್ವ "ಐತಿ, ಬರ್ರಿ" ಎನ್ನದ ಹೊರತು ಹೊಸ್ತಿಲು ದಾಟುವುದಿಲ್ಲ. ಎರಡು ನಿಮಿಷ ತಡವಾಗಿ ಬಂದ ರೊಟ್ಟಿ ಅವನ ಪಾಲಿಗೆ ಲೇಟಾದ ಪ್ಯಾಸೆಂಜರ್ ಗಾಡಿ. ಬಿಡಿಭಾಗ ಜೋಡಿಸಿ ಕಟ್ಟುವ ಆಟಿಕೆ ಕ್ಯಾಬಿನ್ನಿನ ಡಬ್ಬಿಯನ್ನು ಮಗಳು ತಂದುಕೊಟ್ಟಾಗ ಅದರ ಮೇಲಿನ ಚಿತ್ರ ನೋಡಿಯೇ ಮುಖ ಸಿಂಡರಿಸಿದ; ಅದು ತಾನು ದುಡಿದ ಕ್ಯಾಬಿನ್ನಿನಂತಿರಲಿಲ್ಲ. ಇಳಿಜಾರು ಮಾಡು ಕಿತ್ತು ರಟ್ಟಿನ ಮಟ್ಟಸ ಮಾಳಿಗೆ ಹಾಕಿದ, ಮೆಟ್ಟಿಲನ್ನು ಎಡಕ್ಕೆ ತಿರುಗಿಸಿದ, ಕಿಟಕಿಯನ್ನು ಜೋಳದ ಕಾಳಿನಷ್ಟು ತಗ್ಗಿಸಿದ. "ಆಟಿಗಿಗೆ ಇಷ್ಟ್ಯಾಕ ಅಳತಿ?" ಎಂದು ಶೆಟ್ಟೆವ್ವ ಕೇಳಿದರೆ, "ತಪ್ಪಬಾರದು" ಎನ್ನುತ್ತಿದ್ದ, ಅಷ್ಟೇ. ಹನ್ನೊಂದು ವರ್ಷದ ಹಿಂದೆ, ಅವನು ಕೆಲಸದಲ್ಲಿದ್ದಾಗ, ಕ್ಯಾಬಿನ್ನಿನ ಹತ್ತಿರದ ರೈಲ್ವೆ ಗೇಟಿನ ಬಳಿ ಹಳಿಯ ಮೇಲೆ ಸಿಕ್ಕಿಕೊಂಡ ಗಾಡಿಯ ಎರಡು ಎತ್ತುಗಳು ರೈಲಿಗೆ ಸಿಕ್ಕಿ ಸತ್ತಿದ್ದವು. ತಪ್ಪು ಅವನದಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾದರೂ, ಆ ಗಳಿಗೆಯಲ್ಲಿ ಕಿಟಕಿಯಾಚೆ ನೋಡಿದ್ದರೆ ಕಾಣುತ್ತಿತ್ತೇನೋ ಎಂಬ ಕೊರಗು ಹೋಗಿರಲಿಲ್ಲ. ಹೋಗಿ ನೋಡೋಣವೆಂದರೆ ಕ್ಯಾಬಿನ್ನನ್ನೂ ಪಕ್ಕದ ನೀರಿನ ಟಾಕಿಯನ್ನೂ ಆಮೇಲೆ ಕೆಡವಿದ್ದರು. ಈಗ ಟಾಕಿ, ಗೇಟು, ಗಾಡಿ ಎಲ್ಲವನ್ನೂ ರಟ್ಟಿನಲ್ಲಿ ಮಾಡಿ ಅಳತೆಯಂತೆ ಇಟ್ಟು, ನೆಲಕ್ಕೆ ಗಲ್ಲ ಹಚ್ಚಿ ಕಿಟಕಿಯೊಳಗಿಂದ ನೋಡಿದ. "ಬಾಯಿಲ್ಲಿ, ನೀನೂ ನೋಡು" ಎಂದ. ಶೆಟ್ಟೆವ್ವ ಬಗ್ಗಿ ಒಂದು ಕಣ್ಣು ಮುಚ್ಚಿದಳು. "ಟಾಕಿ ಅಡ್ಡ ಬರತೈತ್ರಿ. ಗಾಡಿ ಕಾಣಂಗಿಲ್ಲ." "ಖರೇನ?" "ಖರೇನ್ರಿ." ಭೀಮಶ್ಯಾ ಅಲ್ಲೇ ಬರಿನೆಲದ ಮೇಲೆ ಅಂಗಾತ ಬಿದ್ದುಕೊಂಡು, ಸಂಜೆಯ ಚಹಾ ಆರಿಹೋಗುವವರೆಗೂ ಗೊರಕೆ ಹೊಡೆದ.